ಗೊತ್ತಿಲ್ಲ ಎಂದು ಬರೆದಿಟ್ಟವರು

ಏನಾದರೂ ತೊಡಕು ಎದುರಾದರೆ ಅವರು ಎದ್ದು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದರು. ಮುಂಬಯಿಯ ಫೋರ್ಟಿನ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ ನಮ್ಮ ಆಫೀಸು. ಜಾಲರಿ ಬಾಗಿಲಿನ ಲಿಫ್ಟು, ಆಳೆತ್ತರದ ಕಿಟಕಿಗಳು, ಹೊರಗೆ ಕಟ್ಟೆಯ ಮೇಲೆ ಪಾರಿವಾಳಗಳು. ಊಟದ ಹೊತ್ತು ಕಳೆದು, ಕೆಳಗಿನ ಉಡುಪಿ ಹೋಟೆಲಿನಿಂದ ಕಾಫಿಯ ಪರಿಮಳ ಮೆಟ್ಟಿಲು ಹತ್ತಿ ಬರುವಾಗ ಅವರು ಸೆರಗನ್ನು ಹೆಗಲ ಸುತ್ತ ಹೊದ್ದುಕೊಂಡು ಅಲ್ಲಿ ನಿಂತಿರುತ್ತಿದ್ದರು. ಕೋರ್ಟಿನ ಕಡೆ ಹೋಗುವ ಕರಿ ಕೋಟುಗಳು, ಸಮುದ್ರದಿಂದ ಬರುವ ತೇವದ ಗಾಳಿ, ಟ್ಯಾಕ್ಸಿಗಳ ಹಾರ್ನು, ಇವೆಲ್ಲ ಅವರನ್ನು ಮುಟ್ಟುತ್ತಿದ್ದವೋ ಇಲ್ಲವೋ ತಿಳಿಯದು. ಬಹಳ ಹೊತ್ತಾದ ಮೇಲೆ ಬಂದು ಕೂತು ಪ್ರೋಗ್ರಾಮಿನ ಎರಡು ಸಾಲು ಬರೆದರೆ ಅವತ್ತಿನ ಕೆಲಸ ಮುಗಿದಂತೆ. ಯಾರೂ ಅದನ್ನು ಸೋಮಾರಿತನ ಎನ್ನುತ್ತಿರಲಿಲ್ಲ. ಆ ಎರಡು ಸಾಲು ಎಂಥವೆಂದು ಎಲ್ಲರಿಗೂ ಗೊತ್ತಿತ್ತು.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅವರು ತೀರಿಕೊಂಡರು. ತಿಳಿಸಿದ್ದು ಅವರ ಮಗಳು. ಅವಳಿಗೆ ಕಿವಿ ಕೇಳಿಸುವುದಿಲ್ಲ. ಫೋನಿನಲ್ಲಿ ಮಾತಿಲ್ಲ, ಬರೆಯುತ್ತಾಳೆ. ಹಿಂದಿ ಇಂಗ್ಲಿಷು ಬೆರೆತ ಸಣ್ಣ ಸಂದೇಶ ಅದು. ಮುಲುಂಡಿನ ನಮ್ಮ ಬಿಲ್ಡಿಂಗಿನ ಬಾಲ್ಕನಿಯಲ್ಲಿ ನಿಂತು ಓದಿದೆ. ಓದಿದ ಮೇಲೂ ಮನಸ್ಸು ಒಪ್ಪದೆ, ಫೋರ್ಟಿನ ಆ ಕಿಟಕಿಯಲ್ಲಿ ಅವರು ಇನ್ನೂ ನಿಂತೇ ಇದ್ದಾರೆ ಎನ್ನಿಸುತ್ತಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಅಕ್ಕ ಎಂದು ಕರೆಯುತ್ತಿದ್ದೆ, ಅದೇ ಸಾಕು.

ಅಕ್ಕ ವಿಜಯಪುರದ ಕಡೆಯವರು. ಗಂಡನ ಕೆಲಸದ ಸಲುವಾಗಿ ಮುಂಬಯಿಗೆ ಬಂದು, ಗಂಡ ಬೇಗ ಹೋದ ಮೇಲೆ ಕುರ್ಲಾದ ಚಾಳಿನ ಮನೆಯಲ್ಲಿ ಮಗಳೊಡನೆ ಉಳಿದವರು. ನಾನು ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಉಡುಪಿಯಿಂದ ಬಂದು ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂತವರು. ಮನೆಯಲ್ಲಿ ತುಳು, ಹೊರಗೆ ಹಿಂದಿ. ನನ್ನ ಕನ್ನಡ ಆಗ ತಡವರಿಸುತ್ತಿತ್ತು. ಆಫೀಸಿಗೆ ಸೇರಿದ ದಿನ ಮೇಡಂ ಎಂದೆ. ಊರು ಕೇಳಿದರು, ಹೇಳಿದೆ. ಹಾಗಾದರೆ ಅಕ್ಕ ಅನ್ನು, ಕನ್ನಡ ತಪ್ಪಾದರೂ ಪರವಾಗಿಲ್ಲ, ನನ್ನದು ಕೇಳಿ ನಿನಗೂ ನಗು ಬರುತ್ತದೆ ಎಂದರು. ನಿಜವಾಗಿಯೂ ಮೊದಲ ತಿಂಗಳು ಅವರ ಮಾತು ಅರ್ಧ ನನಗೆ ಹಿಡಿಯುತ್ತಿರಲಿಲ್ಲ.

ನಮ್ಮ ಕಂಪನಿ ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಲ್ಯಾಬಿನಲ್ಲಿ ಬಗೆಬಗೆಯ ಯಂತ್ರಗಳಿರುತ್ತವೆ. ಒಂದೊಂದು ಒಂದೊಂದು ಬಗೆಯಲ್ಲಿ ಅಂಕಿಗಳನ್ನು ಕಳಿಸುತ್ತದೆ. ಅದನ್ನು ಓದಿ, ರೋಗಿಯ ವಯಸ್ಸಿಗೆ ತಕ್ಕ ಮಿತಿಗಳೊಂದಿಗೆ ಹೋಲಿಸಿ, ರಿಪೋರ್ಟು ಮಾಡಲು ಪ್ರತಿ ಯಂತ್ರಕ್ಕೂ ಪ್ರೋಗ್ರಾಮಿನೊಳಗೆ ಪ್ರತ್ಯೇಕವಾದ ಒಂದು ಬಿಡಿಭಾಗ ಬೇಕು. ಕಾಂಪೊನೆಂಟ್ ಎನ್ನುತ್ತೇವೆ. ಅಕ್ಕ ಬರುವ ಮೊದಲು ಯಾವ ಬಿಡಿಭಾಗ ಏನು ಮಾಡುತ್ತದೆ ಎಂಬುದನ್ನೆಲ್ಲ ಬೇರೆಯಾಗಿ ಒಂದೇ ಪಟ್ಟಿಯಲ್ಲಿ ಬರೆದಿಟ್ಟಿರುತ್ತಿದ್ದರಂತೆ. ಬಿಡಿಭಾಗ ಬದಲಾದರೂ ಆ ಪಟ್ಟಿ ಬದಲಾಗದೆ ಉಳಿದು, ಲ್ಯಾಬುಗಳವರು ಫೋನು ಮಾಡಿ ಬೈಯುತ್ತಿದ್ದರಂತೆ.

ಅಕ್ಕ ಅದನ್ನು ಕಿತ್ತುಹಾಕಿದರು. ಪ್ರತಿ ಬಿಡಿಭಾಗವೂ ತನ್ನ ಬಗ್ಗೆ ತಾನೇ ಹೇಳಬೇಕು ಎಂದರು: ನಾನು ಈ ಯಂತ್ರಕ್ಕೆ ಸೇರಿದವನು, ಇಂಥ ಪರೀಕ್ಷೆ ಬಲ್ಲೆ, ನನ್ನ ಅಳತೆ ಇಂಥದ್ದು. ಕೋಡಿನ ನೆತ್ತಿಯ ಮೇಲೆ ಹಾಗೆ ಅಂಟಿಸುವ ಸಾಲುಗಳಿಗೆ ಆಟ್ರಿಬ್ಯೂಟ್ ಎಂದು ಹೆಸರು. ಕಂಪ್ಯೂಟರ್ ಭಾಷೆಯಲ್ಲಿ ಸಿದ್ಧವಾಗಿ ಬರುವವು ಕೆಲವು. ನಮಗೆ ಬೇಕಾದಂಥವನ್ನು ನಾವೇ ಮಾಡಿಕೊಳ್ಳಬಹುದು. ಅಕ್ಕ ಅದನ್ನು ಚೀಟಿ ಎನ್ನುತ್ತಿದ್ದರು. ಮುಖ್ಯ ಪ್ರೋಗ್ರಾಮು ಶುರುವಾಗುವಾಗ ತನ್ನೊಳಗಿನ ಬಿಡಿಭಾಗಗಳನ್ನೆಲ್ಲ ಒಂದೊಂದಾಗಿ ನೋಡಿ, ಚೀಟಿ ಓದಿ, ಯಾರನ್ನು ಯಾವ ಕೆಲಸಕ್ಕೆ ಕರೆಯಬೇಕೆಂದು ತಿಳಿದುಕೊಳ್ಳುತ್ತಿತ್ತು. ಇದಕ್ಕೆ ರಿಫ್ಲೆಕ್ಷನ್, ಅಂದರೆ ಪ್ರತಿಬಿಂಬ, ಎಂಬ ಹೆಸರಿದೆ.

ಹೆಸರು ಕೇಳಿ ನಾನು, ಪ್ರೋಗ್ರಾಮು ಕನ್ನಡಿ ನೋಡಿಕೊಳ್ಳುವ ಹಾಗಾ ಎಂದು ಕೇಳಿದ್ದೆ. ಅಕ್ಕ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು.

"ಕನ್ನಡಿ ಅಲ್ಲ ತಂಗಿ. ಕನ್ನಡಿಯೊಳಗ ಮಾರಿ ಅಷ್ಟ ಕಾಣತೈತಿ. ಇದು ಕತ್ತಲದಾಗ ತನ್ನ ಮೈ ತಾನ ಮುಟ್ಟಿ ನೋಡ್ಕೊಂಡಂಗ."

ಸಂಜೆ ಇಬ್ಬರೂ ಒಂದೇ ಲೈನಿನ ಲೋಕಲಿನಲ್ಲಿ ಹೋಗುತ್ತಿದ್ದೆವು. ಅವರು ಕುರ್ಲಾದಲ್ಲಿ ಇಳಿದರೆ ನಾನು ಮುಲುಂಡಿನ ತನಕ. ಲೇಡೀಸ್ ಡಬ್ಬಿಯ ಗದ್ದಲದಲ್ಲಿ, ಕಂಬಿ ಹಿಡಿದು ತೂಗಾಡುತ್ತಲೇ ನನಗೆ ಪಾಠ ನಡೆಯುತ್ತಿತ್ತು. ಒಮ್ಮೆ ಅವರು ಹೇಳಿದ ಮಾತು ಈಗಲೂ ಅದೇ ದನಿಯಲ್ಲಿ ಕೇಳಿಸುತ್ತದೆ. "ಚೀಟಿ ತಾನಾಗಿ ಏನೂ ಮಾಡೂದಿಲ್ಲ. ಸುಮ್ಮ ಕುಂತಿರತೈತಿ. ಕೇಳಿದ್ರ ಹೇಳತೈತಿ, ಕೇಳದಿದ್ರ ಇಲ್ಲ. ಆದ್ರ ಕೇಳಿದಾಗ ಸುಳ್ಳ ಹೇಳಬಾರದು, ಅಷ್ಟ."

ಅವರ ಸ್ವಭಾವವೂ ಹೆಚ್ಚುಕಡಿಮೆ ಹಾಗೇ ಇತ್ತು. ಮೀಟಿಂಗಿನಲ್ಲಿ ತಾವಾಗಿ ಬಾಯಿ ತೆರೆಯುತ್ತಿರಲಿಲ್ಲ. ಕೇಳಿದರೆ ಉತ್ತರ, ಅದೂ ಬಹಳ ಸಲ ಗೊತ್ತಿಲ್ಲ ಎಂಬುದೇ. ಈ ಕೆಲಸ ಯಾವಾಗ ಮುಗಿಯುತ್ತದೆ ಎಂದರೆ, ಗೊತ್ತಿಲ್ಲ, ನಾಳೆ ನೋಡಿ ಹೇಳುತ್ತೇನೆ. ಲೋಕಲಿನಲ್ಲಿ ಯಾರಾದರೂ ಈ ಗಾಡಿ ಮಾಟುಂಗಾದಲ್ಲಿ ನಿಲ್ಲುತ್ತದಾ ಎಂದು ಕೇಳಿದರೆ ಉಳಿದವರು ಥಟ್ಟನೆ ಏನೋ ಒಂದು ಹೇಳಿಬಿಡುತ್ತಿದ್ದರು. ಅಕ್ಕ ಮಾತ್ರ, ಗೊತ್ತಿಲ್ಲ, ಇರಿ, ಎಂದು ಬಾಗಿಲ ಬಳಿ ನಿಂತವರನ್ನು ವಿಚಾರಿಸಿ ಬಂದು ಹೇಳುತ್ತಿದ್ದರು. ಅಷ್ಟರಲ್ಲಿ ಕೆಲವೊಮ್ಮೆ ಮಾಟುಂಗಾ ದಾಟಿರುತ್ತಿತ್ತು ಎನ್ನುವುದೂ ನಿಜ.

ಇಂಥವರು ತಮ್ಮ ಬಿಡಿಭಾಗಗಳಿಗೆ ಯಾರೂ ಕೇಳದ ಇನ್ನೊಂದು ಬಗೆಯ ಚೀಟಿಯನ್ನು ಮಾಡಿಟ್ಟಿದ್ದರು. ಬಿಡಿಭಾಗ ತನಗೆ ಏನು ಗೊತ್ತಿಲ್ಲ ಎಂಬುದನ್ನು ಹೇಳುವ ಚೀಟಿ. ಇಂಥ ಅಳತೆಯಲ್ಲಿ ನನ್ನನ್ನು ಪರೀಕ್ಷಿಸಿಲ್ಲ. ಯಂತ್ರದ ಹಳೆಯ ಮಾದರಿಯೊಂದಿಗೆ ನನ್ನನ್ನು ಪರೀಕ್ಷಿಸಿಲ್ಲ. ಪ್ರೋಗ್ರಾಮಿನ ಮೊದಲ ಪರದೆಯ ಮೇಲೆ ಇವೆಲ್ಲ ಮೆಲ್ಲಗೆ ಮೂಡಿ ಬರುತ್ತಿದ್ದವು. ಆ ಚೀಟಿ ಇಲ್ಲದ ಬಿಡಿಭಾಗವನ್ನು ಮುಖ್ಯ ಪ್ರೋಗ್ರಾಮು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಎಲ್ಲವೂ ಗೊತ್ತು ಎನ್ನುವವನು ನಮ್ಮ ಹತ್ತಿರ ಬೇಡ ಎಂದು ಅಕ್ಕ ನಗುತ್ತಿದ್ದರು. ನಾನು ಬರೆದ ಮೊದಲ ಬಿಡಿಭಾಗಕ್ಕೆ ಆ ಚೀಟಿ ಬರೆಯಲು ಒಂದು ವಾರ ಹಿಡಿಯಿತು. ಕೋಡು ಎರಡೇ ದಿನದಲ್ಲಿ ಮುಗಿದಿತ್ತು.

ಯಕೃತ್ತಿನ ಪರೀಕ್ಷೆಗಳ ಯಂತ್ರವೊಂದಕ್ಕೆ ಅಕ್ಕನೇ ಬರೆದ ಬಿಡಿಭಾಗದ ಮೇಲೆ ಹೀಗಿತ್ತು: ಆಗತಾನೇ ಹುಟ್ಟಿದ ಶಿಶುಗಳಿಗೆ ಪರೀಕ್ಷಿಸಿಲ್ಲ. ನಮ್ಮ ಪ್ರೋಗ್ರಾಮು ವಯಸ್ಸನ್ನು ತುಂಬಿದ ವರ್ಷಗಳಲ್ಲಿ ಎಣಿಸುತ್ತಿತ್ತು. ನಿನ್ನೆ ಹುಟ್ಟಿದ ಕೂಸಿಗೂ ಸೊನ್ನೆ, ತೊಟ್ಟಿಲಲ್ಲಿ ಎದ್ದು ನಿಲ್ಲುವ ಕೂಸಿಗೂ ಸೊನ್ನೆ. ಆದರೆ ಮೊದಲ ದಿನಗಳ ಕಾಮಾಲೆಯ ಮಿತಿ ಗಂಟೆಗೊಮ್ಮೆ ಎನ್ನುವಂತೆ ಬದಲಾಗುತ್ತದೆ. ನಮ್ಮ ಲ್ಯಾಬುಗಳಿಗೆ ಆಗ ಬರುತ್ತಿದ್ದವರೆಲ್ಲ ದೊಡ್ಡವರೇ ಆದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಆಗಲೇ ದಾದರಿನ ಹತ್ತಿರದ ಒಂದು ಸಣ್ಣ ಮಕ್ಕಳ ಆಸ್ಪತ್ರೆ ನಮ್ಮ ಸಾಫ್ಟ್‌ವೇರ್ ನೋಡಬೇಕೆಂದಿತು. ಕಂಪನಿಗೆ ಆ ವರ್ಷ ಬಿಗಿಯಾಗಿತ್ತು, ಹೊಸ ಕೆಲಸ ಬೇಕಾಗಿತ್ತು. ಮ್ಯಾನೇಜರು ಅಕ್ಕನನ್ನು ಕರೆದು ಆ ಸಾಲನ್ನು ತೆಗೆಯಿರಿ ಎಂದರು. ಅವರು ಕೆಟ್ಟ ಮನುಷ್ಯರಲ್ಲ. ನಮ್ಮೆಲ್ಲರ ಸಂಬಳದ ಯೋಚನೆ ಅವರ ತಲೆಯ ಮೇಲಿತ್ತು. ಕೆಲಸ ಸಿಕ್ಕ ಮೇಲೆ ಶಿಶುಗಳ ಲೆಕ್ಕವನ್ನು ಸರಿಮಾಡಿದರಾಯಿತು ಎಂದು ಅವರ ವಾದ. ಅಕ್ಕ, ಚೀಟಿ ತೆಗೆಯುವುದಿಲ್ಲ, ಪರದೆಯ ಮೇಲೆ ಏನು ತೋರಿಸಬೇಕು ಎಂಬುದು ನಿಮಗೆ ಬಿಟ್ಟದ್ದು ಎಂದರು. ಮ್ಯಾನೇಜರು ಬೇರೆಯವರಿಂದ ಪರದೆಯನ್ನು ಬದಲಿಸಿದರು. ಪ್ರೋಗ್ರಾಮು ಆ ಚೀಟಿಯನ್ನು ಕೇಳುವುದನ್ನೇ ಬಿಟ್ಟಿತು.

ಆಸ್ಪತ್ರೆಗೆ ಮ್ಯಾನೇಜರು, ಅಕ್ಕ, ನಾನು ಮೂವರೂ ಹೋದೆವು. ಲ್ಯಾಬಿನ ಮುಖ್ಯಸ್ಥೆ ಒಬ್ಬರು ಮರಾಠಿ ಡಾಕ್ಟರು. ಕತ್ತರಿಸಿದ ಬಿಳಿ ಕೂದಲು, ಕಡಿಮೆ ಮಾತು. ಗೋಡೆಯಾಚೆ ಕೂಸುಗಳು ಅಳುವುದು, ಒಂದು ನಿಂತರೆ ಇನ್ನೊಂದು ಎತ್ತಿಕೊಳ್ಳುವುದು, ಎಲ್ಲಿಂದಲೋ ತೇಲಿ ಬಂದಂತೆ ಕೇಳುತ್ತಿತ್ತು. ಮ್ಯಾನೇಜರು ಎಲ್ಲವನ್ನೂ ಚೆನ್ನಾಗಿ ತೋರಿಸಿದರು. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: ಇದು ಹುಟ್ಟಿದ ದಿನದ ಶಿಶುವಿಗೆ ನಡೆಯುತ್ತದೆಯೇ? ನಡೆಯುತ್ತದೆ, ಎಲ್ಲ ವಯಸ್ಸಿಗೂ ನಡೆಯುತ್ತದೆ ಎಂದರು ಮ್ಯಾನೇಜರು. ಡಾಕ್ಟರು ಅಕ್ಕನ ಕಡೆ ತಿರುಗಿ, ಬರೆದವರು ನೀವಲ್ಲವೇ, ನೀವು ಹೇಳಿ ಎಂದರು.

ಅಕ್ಕ ಮರಾಠಿಯಲ್ಲಿ, ತಮ್ಮ ಎಂದಿನ ಮೆಲುದನಿಯಲ್ಲಿ, ಇಲ್ಲ, ಪರೀಕ್ಷಿಸಿಲ್ಲ, ವಯಸ್ಸಿನ ಲೆಕ್ಕ ಅಷ್ಟು ಸಣ್ಣದಕ್ಕೆ ಇಳಿಯುವುದಿಲ್ಲ ಎಂದರು. ಡಾಕ್ಟರು ತಲೆಯಾಡಿಸಿ ನಮಗೆ ಚಹಾ ತರಿಸಿದರು. ಕೆಲಸ ನಮಗೆ ಸಿಗಲಿಲ್ಲ.

ಹೊರಗೆ ಬಂದು ಟ್ಯಾಕ್ಸಿಗೆ ಕಾಯುವಾಗ ಮ್ಯಾನೇಜರು ನಮ್ಮಿಂದ ದೂರ ಹೋಗಿ ನಿಂತರು. ಅಕ್ಕನೇ ಹತ್ತಿರ ಹೋಗಿ ಹಿಂದಿಯಲ್ಲಿ, ಅವರು ಕೇಳಿದರು, ಅದಕ್ಕೆ ಹೇಳಿದೆ ಎಂದರು. ಆ ವಾರವೇ ಅವರನ್ನು ಕೋಡಿನ ಕೆಲಸದಿಂದ ತೆಗೆದು ಲ್ಯಾಬುಗಳ ದೂರುಗಳನ್ನು ಕೇಳುವ ಫೋನಿನ ಮೇಜಿಗೆ ಹಾಕಿದರು. ಅವರು ಕಟ್ಟಿದ್ದೆಲ್ಲ ನನ್ನ ಕೈಗೆ ಬಂತು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಆಗಿತ್ತು. ಕೆಲಸ ಬಿಟ್ಟುಬಿಡಿ ಅಕ್ಕ, ಬೇರೆ ಕಡೆ ಎಷ್ಟು ಬೇಕಾದರೂ ಉಂಟು ಎಂದೆ. ಈ ಫೋನಿನಲ್ಲಿ ಬರುವ ಜನ ಚೆನ್ನಾಗಿ ಮಾತಾಡುತ್ತಾರೆ ಎಂದು ಅವರು ಮಾತು ಮುಗಿಸಿದರು. ಆ ಮೇಜು ಕಿಟಕಿಯಿಂದ ದೂರ, ಲಿಫ್ಟಿನ ಪಕ್ಕದಲ್ಲಿತ್ತು. ಜಾಲರಿ ಬಾಗಿಲು ಎಳೆದಾಗಲೆಲ್ಲ ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಮಾತು ಮುಂದುವರಿಸುತ್ತಿದ್ದರು.

ಶನಿವಾರ ನಮಗೆ ರಜೆ. ಕೆಲವು ವಾರಗಳ ನಂತರ ಕುರ್ಲಾದ ಅವರ ಮನೆಗೆ ಹೋದಾಗ ಅಕ್ಕ ಇರಲಿಲ್ಲ, ಮಗಳು ಬಾಗಿಲು ತೆರೆದಳು. ಪ್ರಿಂಟಿಂಗ್ ಪ್ರೆಸ್ಸೊಂದಕ್ಕೆ ಲಗ್ನಪತ್ರಿಕೆಗಳ ವಿನ್ಯಾಸ ಮಾಡುವ ಹುಡುಗಿ, ಆಗ ಇಪ್ಪತ್ತರ ಆಚೆ. ಕೈಸನ್ನೆಯಿಂದ ಕೂರಿಸಿ, ಅವ್ವ ಶನಿವಾರ ಆಸ್ಪತ್ರೆಗೆ ಹೋಗುತ್ತಾಳೆ ಎಂದು ಮೊಬೈಲಿನಲ್ಲಿ ಬರೆದು ತೋರಿಸಿದಳು. ನನಗೆ ಗಾಬರಿಯಾಯಿತು. ಕಾಯಿಲೆಯಲ್ಲ, ಕೆಲಸ ಎಂದು ಬರೆದು ನಕ್ಕಳು. ರೈಲು ಹಳಿಗಳು ಮನೆಯ ಹಿಂದೆಯೇ ಇದ್ದವು. ಗಾಡಿ ಹೋದಾಗಲೆಲ್ಲ ಅವಳು ಗೋಡೆಗೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ನನ್ನ ಕೈಯನ್ನೂ ತೆಗೆದುಕೊಂಡು ಇಟ್ಟಳು. ಸದ್ದಿಗಿಂತ ಮೊದಲೇ ಗೋಡೆಯೊಳಗೆ ಏನೋ ಮೆಲ್ಲಗೆ ಹರಿದು ಬಂದು, ಮೊಣಕೈ ತನಕ ಏರಿ, ಇಳಿದು ಹೋಯಿತು. ಇಬ್ಬರೂ ಹಾಗೆ ಎಷ್ಟೋ ಗಾಡಿಗಳನ್ನು ಕಳಿಸಿಕೊಟ್ಟೆವು. ಮಧ್ಯಾಹ್ನದ ಬಿಸಿಲು ಪಾತ್ರೆಗಳ ಮೇಲೆ ಬಿದ್ದು ಛಾವಣಿಯಲ್ಲಿ ನೀರಿನಂತೆ ಅಲುಗುತ್ತಿತ್ತು.

ಅಕ್ಕ ಬಂದ ಮೇಲೆ ವಿಷಯ ತಿಳಿಯಿತು. ಅವರು ತಾವಾಗಿ ಆ ಡಾಕ್ಟರರ ಬಳಿ ಹೋಗಿ, ನನಗೆ ಶಿಶುಗಳ ಲೆಕ್ಕ ಕಲಿಯಬೇಕಾಗಿದೆ, ಒಂದು ಮೂಲೆಯಲ್ಲಿ ಕೂರಲು ಬಿಡುತ್ತೀರಾ ಎಂದು ಕೇಳಿದ್ದರು. ಡಾಕ್ಟರು ಸ್ಟೂಲು ಕೊಟ್ಟಿದ್ದರು. ಹೆಸರುಗಳನ್ನು ತೆಗೆದ ಹಳೆಯ ಅಂಕಿಗಳನ್ನೂ ಕೊಟ್ಟಿದ್ದರು. ಕಂಪನಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ನಾನು ಯಾಕೆ ಎಂದು ಕೇಳಿದೆ. ಅಕ್ಕ ಮಗಳ ಕಡೆ ನೋಡಿದರು. ಅವಳು ಬೆನ್ನು ಮಾಡಿ ಚಹಾಕ್ಕೆ ನೀರಿಡುತ್ತಿದ್ದಳು.

"ಇಕಿ ಹುಟ್ಟಿದ ಮೂರನೇ ದಿನಕ್ಕ ಮೈ ಹಳದಿ ಆಗಿತ್ತು. ರಕ್ತ ತಗೊಂಡ್ರು. ರಿಪೋರ್ಟಿನ್ಯಾಗ ನಾರ್ಮಲ್ ಅಂತ ಬಂತು. ವಾರ ತುಂಬಿದ ಕೂಸಿನ ಲೆಕ್ಕ ಹಚ್ಚಿದ್ರೋ ಏನೋ, ನನಗ ಗೊತ್ತಿಲ್ಲ. ಮನಿಗೆ ಕರಕೊಂಡು ಬಂದಿವಿ. ಮುಂದ ಬ್ಯಾರೆ ಊರಿಗೆ ಒಯ್ಯೂದರಾಗ ತಡಾ ಆಗಿ ಹಳದಿ ತಲಿಗೆ ಏರಿತ್ತು. ಜೀವ ಉಳೀತು, ಕಿವಿ ಹೋತು."

ಅದಕ್ಕೇ ಆ ಚೀಟಿ ಮಾಡಿದಿರಾ ಎಂದೆ.

"ಅದಕ್ಕಲ್ಲ," ಎಂದರು ಅಕ್ಕ. "ಇಕಿಗೆ ಹಿಂಗ ಆಗದಿದ್ರೂ ನಾ ಬರೀತಿದ್ದೆ. ಅದು ಬರೀಬೇಕಾದ್ದು ತಂಗಿ."

ಚಹಾ ಬಂತು. ಮಗಳು ನಮ್ಮಿಬ್ಬರ ಮುಖ ನೋಡಿ ಅಕ್ಕನಿಗೆ ಏನೋ ಸನ್ನೆ ಮಾಡಿದಳು, ಅಕ್ಕ ಮರುಸನ್ನೆ ಮಾಡಿದರು, ಇಬ್ಬರೂ ನಕ್ಕರು. ಏನೆಂದು ನಾನು ಕೇಳಲಿಲ್ಲ. ಆ ಮನೆಯ ಡಬ್ಬಿಗಳ ಮೇಲೆ ಒಂದಕ್ಕೂ ಹೆಸರು ಬರೆದಿರಲಿಲ್ಲ. ಮಗಳು ಎತ್ತಿ ತೂಗಿ ನೋಡಿಯೇ ಸಕ್ಕರೆ ಯಾವುದು, ರವೆ ಯಾವುದು ಎಂದು ಗುರುತಿಸುತ್ತಿದ್ದಳು. ಅಕ್ಕ ಮಾತ್ರ ಪ್ರತಿ ಸಲವೂ ಮುಚ್ಚಳ ತೆಗೆದು ಇಣುಕುತ್ತಿದ್ದರು.

ಆಮೇಲಿನ ಶನಿವಾರಗಳಲ್ಲಿ ನಾನೂ ಹೋಗತೊಡಗಿದೆ. ವಯಸ್ಸನ್ನು ವರ್ಷದಿಂದ ಬಿಡಿಸಿ ಗಂಟೆಗೆ ಇಳಿಸಿದೆವು. ಡಾಕ್ಟರು ಪುರಸೊತ್ತಾದಾಗ ಬಂದು, ಇದು ಸರಿ, ಇದು ತಪ್ಪು ಎಂದು ಪೆನ್ಸಿಲಿನ ತುದಿಯಿಂದ ತೋರಿಸಿ ಹೋಗುತ್ತಿದ್ದರು. ಗೋಡೆಯಾಚೆಯ ಅಳು ಕೇಳಿ ಕೇಳಿ ನಮಗೆ ರೂಢಿಯಾಯಿತು. ಒಮ್ಮೊಮ್ಮೆ ಎಲ್ಲ ಕೂಸುಗಳೂ ಒಟ್ಟಿಗೇ ಸುಮ್ಮನಾದಾಗ ಇಬ್ಬರೂ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದೆವು. ಮಳೆ ಹೋಗಿ, ಚಳಿ ಎನ್ನುವಂಥದ್ದು ಬಂದು ಹೋಗಿ, ಮತ್ತೆ ಸೆಕೆ ಶುರುವಾಯಿತು. ಮ್ಯಾನೇಜರರಿಗೆ ನಾನೇ ಒಂದು ದಿನ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮುಗಿದ ಮೇಲೆ ನಮ್ಮ ಸಾಫ್ಟ್‌ವೇರಿಗೆ ಸೇರಿಸಿ ಎಂದರು. ಪರದೆಯನ್ನು ಮೊದಲಿನಂತೆ ಮಾಡಲೇ ಎಂದು ಕೇಳಿದೆ. ಮಾಡಿ ಎಂದರು. ಅಕ್ಕನನ್ನು ಮತ್ತೆ ಕೋಡಿನ ಕೆಲಸಕ್ಕೆ ಕರೆದರು, ಆದರೆ ಅಷ್ಟರಲ್ಲಿ ಫೋನಿನಾಚೆಯ ಲ್ಯಾಬಿನವರು ಅವರನ್ನು ಬಿಡಲೊಲ್ಲರು. ಅರ್ಧ ದಿನ ಇಲ್ಲಿ, ಅರ್ಧ ದಿನ ಅಲ್ಲಿ ಎಂದಾಯಿತು.

ಕೊನೆಯ ಶನಿವಾರ ಡಾಕ್ಟರು ತಮ್ಮ ರಿಪೋರ್ಟುಗಳನ್ನೂ ನಮ್ಮವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಂಜೆಯ ತನಕ ನೋಡಿದರು. ಅಕ್ಕ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು, ಪರೀಕ್ಷೆಯ ಹೊತ್ತಿನ ಹುಡುಗಿಯ ಹಾಗೆ. ಕೊನೆಗೆ ಡಾಕ್ಟರು ಕಾಗದಗಳನ್ನು ಜೋಡಿಸಿ, ಆಯಿತು ಎಂದರು. ಅಕ್ಕ ಲ್ಯಾಪ್‌ಟಾಪ್ ತೆರೆದು ಶಿಶುಗಳ ಆ ಹಳೆಯ ಸಾಲನ್ನು ಅಳಿಸಿದರು. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದೇ ಜಾಗದಲ್ಲಿ ಇನ್ನೊಂದು ಸಾಲು ಬರೆದರು: ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಪರೀಕ್ಷಿಸಿಲ್ಲ. ಡಾಕ್ಟರು ಬಗ್ಗಿ ಅದನ್ನು ಓದಿದರು. ಆ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಹಾಗಾದರೆ ಸ್ಟೂಲು ಇಲ್ಲೇ ಇರಲಿ ಎಂದರು.

ಆ ಆಸ್ಪತ್ರೆ ಬೇರೊಂದು ಕಂಪನಿಯ ಸಾಫ್ಟ್‌ವೇರ್ ಕೊಂಡಾಗಿತ್ತು. ನಮ್ಮದನ್ನು ಕೊನೆಗೂ ಕೊಳ್ಳಲಿಲ್ಲ. ಆದರೆ ಉಪನಗರದ ಸಣ್ಣ ಹೆರಿಗೆ ಆಸ್ಪತ್ರೆಗಳಿಂದ ರಕ್ತ ತರಿಸುವ ಲ್ಯಾಬುಗಳು ಒಂದೊಂದಾಗಿ ನಮ್ಮ ಕಡೆ ಬಂದವು. ಅವುಗಳಲ್ಲಿ ಯಾವ ಕೂಸಿನ ಹಳದಿ ಹೊತ್ತಿಗೆ ಸರಿಯಾಗಿ ಪತ್ತೆಯಾಯಿತೋ, ಅದು ನಮಗೆ ತಿಳಿಯುವ ದಾರಿಯಿಲ್ಲ.

ಆ ಸಾಲು ಅಳಿಸಿದ ಸಂಜೆ ದಾದರಿನಲ್ಲಿ ಠಾಣೆಯ ಸ್ಲೋ ಲೋಕಲ್ ಹಿಡಿದೆವು. ಶನಿವಾರವಾದ್ದರಿಂದ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಮಾಟುಂಗಾ ದಾಟುವ ಹೊತ್ತಿಗೆ ಅಕ್ಕನ ತಲೆ ನನ್ನ ಹೆಗಲ ಮೇಲೆ ಇಳಿಯಿತು. ಅಷ್ಟು ವರ್ಷ ಒಟ್ಟಿಗೆ ಓಡಾಡಿದ್ದರಲ್ಲಿ ಅವರು ಗಾಡಿಯಲ್ಲಿ ನಿದ್ದೆಹೋದದ್ದನ್ನು ನಾನು ನೋಡಿರಲಿಲ್ಲ. ಕುರ್ಲಾ ಬಂತು. ಹೆಂಗಸರು ಬಾಗಿಲಿನ ಕಡೆ ನುಗ್ಗಿದರು, ಇಳಿದರು, ಹತ್ತಿದರು. ಎಬ್ಬಿಸಲೆಂದು ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಕ್ಕ ನನ್ನ ಜೊತೆಗಿದ್ದಾರೆ, ತಡವಾಗುತ್ತದೆ ಎಂದು ಅವರ ಮಗಳಿಗೆ ಬರೆದೆ. ಘಾಟ್ಕೋಪರ್ ಹೋಯಿತು, ವಿಕ್ರೋಲಿ ಹೋಯಿತು. ನನ್ನ ಮುಲುಂಡೂ ದೀಪ ಹಚ್ಚಿಕೊಂಡು ಕಿಟಕಿಯಲ್ಲಿ ಜಾರಿಹೋಯಿತು. ಕೊನೆಯ ನಿಲ್ದಾಣವಾದ ಠಾಣೆಯಲ್ಲಿ ಡಬ್ಬಿ ಖಾಲಿಯಾಗಿ, ಫ್ಯಾನುಗಳ ಸದ್ದಷ್ಟೇ ಉಳಿದು, ಆಮೇಲೆ ಸಿಎಸ್‌ಟಿ ಕಡೆ ಮರಳಿ ಹೋಗುವವರು ಮೆಲ್ಲಗೆ ತುಂಬಿಕೊಳ್ಳತೊಡಗಿದರು.

ಅಕ್ಕ ಕಣ್ಣು ತೆರೆಯದೆಯೇ ಅರೆನಿದ್ದೆಯಲ್ಲಿ ಕೇಳಿದರು. "ಕುರ್ಲಾ ಬಂತೇನ?"

"ಮುಂದೆ ಬರ್ತದೆ ಅಕ್ಕ," ಎಂದೆ. "ಮಲಗಿ."

ಗಾಡಿ ಒಮ್ಮೆ ಜಗ್ಗಿ, ಬಂದ ದಾರಿಯಲ್ಲೇ ಮತ್ತೆ ಕುರ್ಲಾದ ಕಡೆಗೆ ಹೊರಟಿತು.